ಏಣಿಯಿಂದ ವಿಕ್ರೋಳಿಗೆ ಇಳಿದವನು

ಜಯಸಿಂಹನ ಆ ದಿನದ ಕಷ್ಟಕ್ಕೆಲ್ಲ ಮೂಲ ಒಂದು ಕುರ್ಚಿ. ಅದೂ ಅವನು ಇನ್ನೂ ಕಣ್ಣಿಂದ ಕಂಡಿರದ ಕುರ್ಚಿ.

ಆಂಟಾಪ್ ಹಿಲ್‌ನಿಂದ ಅಂಧೇರಿಯವರೆಗೆ ಜಯಸಿಂಹ ಬೆಳಕು ಬಿಡದ ಮದುವೆ ಮಂಟಪ ಒಂದೂ ಇರಲಿಲ್ಲ. ಅವನ ಹತ್ತಿರ ಹೆಗಲ ಮೇಲಿಟ್ಟು ತೆಗೆಯುವ ವಿಡಿಯೋ ಕ್ಯಾಮೆರಾ ಒಂದಿತ್ತು. ತೂಕದಲ್ಲಿ ಆನೆಮರಿಗಿಂತ ಅರ್ಧ ಕಿಲೋ ಕಡಿಮೆ. ಐದು ವರ್ಷದಿಂದ ಅದನ್ನು ಹೊತ್ತು ಹೊತ್ತು ಅವನ ಬಲಭುಜ ಎಡಭುಜಕ್ಕಿಂತ ನಾಲ್ಕು ಬೆರಳು ಕೆಳಗಿಳಿದಿತ್ತು. ದರ್ಜಿಯವನು ಅಂಗಿ ಹೊಲಿಯುವಾಗ ಎರಡು ತೋಳಿಗೂ ಬೇರೆ ಬೇರೆ ಅಳತೆ ಬರೆದುಕೊಳ್ಳುತ್ತಿದ್ದ. ಮದುವೆ, ಮುಂಜಿ, ಸೀಮಂತ, ಮಿಕ್ಸಿಯ ಪ್ರಾತ್ಯಕ್ಷಿಕೆ, ಹಲ್ಲಿನ ಡಾಕ್ಟರುಗಳ ಸಮ್ಮೇಳನ, ಯಾವುದಕ್ಕೂ ಅವನು ಇಲ್ಲವೆಂದವನಲ್ಲ. ಮಸ್ಕತ್‌ನಲ್ಲಿದ್ದ ಮಗ ನೋಡಲೆಂದು ಒಬ್ಬರ ಶವಯಾತ್ರೆಯನ್ನೂ ತೆಗೆದಿದ್ದ. ಅಳು ಸರಿಯಾಗಿ ಬಂದಿಲ್ಲವೆಂದು ಸತ್ತವರ ತಂಗಿ ಎರಡನೇ ಸಲ ಅತ್ತುಕೊಟ್ಟಿದ್ದರು.

ಮಂಗಳಕಾರ್ಯಗಳನ್ನು ಜನ ಹೆಚ್ಚಾಗಿ ಭಾನುವಾರಕ್ಕೇ ಇಟ್ಟುಕೊಳ್ಳುತ್ತಿದ್ದರು. ಹೀಗಾಗಿ ಭಾನುವಾರವೆಂಬುದನ್ನು ಜಯಸಿಂಹ ಕ್ಯಾಲೆಂಡರಿನ ಕೆಂಪು ಅಕ್ಷರದಲ್ಲಿ ಮಾತ್ರ ಕಂಡಿದ್ದ. ನಿದ್ದೆ ಎಲ್ಲಿ ಸಿಕ್ಕರೆ ಅಲ್ಲಿ. ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತರೆ ಸಾಯನ್ ಸ್ಟೇಷನ್ ದಾಟುವ ಮೊದಲೇ ಗೊರಕೆ. ಆದರೆ ಇಳಿಯುವ ಸ್ಟೇಷನ್ ಒಂದು ದಿನವೂ ತಪ್ಪಿದ್ದಿಲ್ಲ. ಹಾರನ್ ಕೇಳಿದ್ದೇ ತಡ, ಹಿಂದಿನವರು "ಚಲೋ ಚಲೋ" ಎಂದದ್ದೇ ತಡ, ಗಾಡಿ ಇನ್ನೂ ನಿಲ್ಲುವ ಮೊದಲೇ ಎಡಗಾಲು ಮುಂದೆ ಚಾಚಿ, ಮೈ ಹಿಂದಕ್ಕೆ ವಾಲಿಸಿ, ಪ್ಲಾಟ್‌ಫಾರ್ಮಿನ ಮೇಲೆ ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತಿದ್ದ. ಕಣ್ಣು ತೆರೆಯುತ್ತಿದ್ದದ್ದು ಆಮೇಲೆ.

ಇಂಥವನ ಕಿವಿಗೆ ಕುರ್ಚಿಯ ಸುದ್ದಿ ಹಾಕಿದವರು ರಾಮಸ್ವಾಮಿ. ಆಂಟಾಪ್ ಹಿಲ್‌ನಲ್ಲಿ ಜಯಸಿಂಹ ಇದ್ದ ಬಿಲ್ಡಿಂಗಿನ ಎರಡನೇ ಮಹಡಿಯವರು. ವಿಕ್ರೋಳಿಯ ಗಗನ್ ಏಣಿ ಕಂಪನಿಯಲ್ಲಿ ಸುರಕ್ಷತಾ ಅಧಿಕಾರಿ. ಮೂರನೇ ಮಹಡಿಯಿಂದ ಹೂಕುಂಡ ಬಿದ್ದೀತೆಂದು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗಲೂ ಹೆಲ್ಮೆಟ್ ಹಾಕುವ ಮನುಷ್ಯ.

"ಏನ್ರೀ ಜಯಸಿಂಹ, ಕುರ್ಚೀಲಿ ಕೂತ್ಕೊಳ್ಳೋ ಆಸೆ ಇದೆಯೇನ್ರೀ?"

"ಯಾವ ಕುರ್ಚಿ ಸಾರ್?"

"ನಮ್ಮ ಕಂಪನೀಲಿ ವಿಡಿಯೋ ವಿಭಾಗ ಅಂತ ತೆಗೀತಿದಾರೆ. ಕ್ಯಾಮೆರಾ ಕಂಪನೀದೇ. ಒಂದು ಟೇಬಲ್ಲು, ಒಂದು ಫ್ಯಾನು, ಕೈ ಇರೋ ಕುರ್ಚಿ. ಖಾಯಂ ನೌಕರಿ. ಭಾನುವಾರ ರಜ."

"ಭಾನುವಾರ?" ಎಂದ ಜಯಸಿಂಹ. "ಅರ್ಧ ದಿನವೋ, ಇಡೀ ದಿನವೋ?"

"ಇಡೀ ದಿನ ಕಣ್ರೀ. ಬೆಳಿಗ್ಗೆಯಿಂದ ರಾತ್ರಿವರೆಗೆ. ಆದರೆ ಒಂದು ಪರೀಕ್ಷೆ ಇದೆ. ಬರೋ ಶನಿವಾರ ಮಾರ್ಚ್ ನಾಲ್ಕು, ಸುರಕ್ಷತಾ ದಿನ. ಬೆಳಿಗ್ಗೆ ಬಂದು ಒಂದು ಹತ್ತು ನಿಮಿಷದ ಪಿಚ್ಚರ್ ತೆಗೀಬೇಕು, ಸಂಜೆ ಐದಕ್ಕೆ ಜನರಲ್ ಮ್ಯಾನೇಜರ್ ಸಾಹೇಬರಿಗೆ ತೋರಿಸಬೇಕು. ಹೆಲ್ಮೆಟ್ ಇಲ್ಲದೆ ಏಣಿ ಹತ್ತಿದವನು ಬೀಳ್ತಾನೆ, ಹೆಲ್ಮೆಟ್ ಹಾಕಿದವನು ನಗ್ತಾನೆ. ಅಷ್ಟೇ ಕತೆ. ಅವರಿಗೆ ಹಿಡಿಸಿದರೆ ಕುರ್ಚಿ ನಿಮ್ಮದು."

ಬೆಳಿಗ್ಗೆ ತೆಗೆದು ಸಂಜೆ ತೋರಿಸುವುದೆಂದರೆ ಅಂಧೇರಿಯ ಎಡಿಟಿಂಗ್ ಸ್ಟುಡಿಯೋಕ್ಕೆ ಓಡಲು ಸಮಯವಿಲ್ಲ. ಕತೆ ಯಾವ ಕ್ರಮದಲ್ಲಿದೆಯೋ ಅದೇ ಕ್ರಮದಲ್ಲಿ ಶಾಟು ತೆಗೆಯಬೇಕು. ಕ್ಯಾಸೆಟ್ಟಿನಲ್ಲಿ ಏನು ಬಿತ್ತೋ ಅದೇ ಸಿನಿಮಾ. ಜಯಸಿಂಹ ಹೆದರಲಿಲ್ಲ. ಮದುವೆಗಳಲ್ಲಿ ಕತೆಯ ಕ್ರಮವನ್ನೇ ಬದಲಿಸುವ ಪುರೋಹಿತರನ್ನು ಕಂಡವನು.

ಶುಕ್ರವಾರ ಮಾಟುಂಗದಲ್ಲೊಂದು ಮದುವೆ ಮುಗಿಸಿ, ಎರಡು ಗಂಟೆ ಮಲಗಿ, ಶನಿವಾರ ಬೆಳಿಗ್ಗೆ ಕ್ಯಾಮೆರಾ ಹೊತ್ತು ವಿಕ್ರೋಳಿಗೆ ಬಂದಿಳಿದ. ಅವನ ಕಣ್ಣು ಎಷ್ಟು ಕೆಂಪಾಗಿತ್ತೆಂದರೆ ಸ್ಟೇಷನ್ನಿನ ಹೊರಗೆ ಎರಡು ಟ್ಯಾಕ್ಸಿಗಳು ಸಿಗ್ನಲ್ ಅಂದುಕೊಂಡು ನಿಂತವು.

ಕಾರ್ಖಾನೆಯ ಗೇಟಿನಲ್ಲಿ ಒಂದು ದೊಡ್ಡ ಬೋರ್ಡು. "ಅಪಘಾತವಿಲ್ಲದ ದಿನಗಳು: 364."

"ಸಂಜೆ ಐದಕ್ಕೆ ಪೇಂಟರ್ ಬಂದು ನಾಲ್ಕು ಅಳಿಸಿ ಐದು ಬರೀತಾನೆ," ಎಂದರು ರಾಮಸ್ವಾಮಿ, ದೇವರ ಪಟ ತೋರಿಸುವವರ ಹಾಗೆ. "ಭರ್ತಿ ಒಂದು ವರ್ಷ! ನನಗೆ ಶೀಲ್ಡು, ನಾನ್ನೂರ ಹನ್ನೆರಡು ಕೆಲಸಗಾರರಿಗೆ ತಲೆಗೊಂದು ಪ್ರೆಶರ್ ಕುಕ್ಕರ್. ಇವತ್ತು ಯಾರ ಬೆರಳಿಗೆ ಮುಳ್ಳು ಚುಚ್ಚಿದರೂ ಎಲ್ಲ ಸೊನ್ನೆ. ಆದ್ದರಿಂದ ನಿಧಾನ."

ಮೊದಲ ಶಾಟುಗಳು ಸರಾಗ ಆದವು. ಗೇಟು, ಹೆಲ್ಮೆಟ್ಟುಗಳ ಸಾಲು, ರಾಮಸ್ವಾಮಿಯವರ ಮುಖ, ಮತ್ತೆ ರಾಮಸ್ವಾಮಿಯವರ ಮುಖ. ಹಿಂದಿನ ದಿನದ ಮದುವೆಯ ದಣಿವಿಗೆ ಜಯಸಿಂಹನ ಕೈ ನಡುಗಿ ಚಿತ್ರ ಒಂಚೂರು ಅಲುಗಿತು, ನಿಜ. ಅದಿರಲಿ. ತೊಂದರೆ ಶುರುವಾದದ್ದು ಬೀಳುವವನು ಯಾರು ಎಂಬಲ್ಲಿ.

"ಒಬ್ಬ ಕೆಲಸಗಾರನ್ನ ಕೊಡಿ ಸಾರ್. ನಾಲ್ಕು ಮೆಟ್ಟಿಲು ಹತ್ತಿ ಬಿದ್ದರೆ ಸಾಕು. ಕೆಳಗೆ ಗೋಣಿಚೀಲ ಹಾಸ್ತೀನಿ."

ಯೂನಿಯನ್ ಲೀಡರ್ ಹಣಮಂತ ಅಲ್ಲೇ ನಿಂತಿದ್ದ. ವಿಜಾಪುರದ ಕಡೆಯವನು, ಅವನ ಮೀಸೆಯ ಒಂದು ತುದಿ ಕಾರ್ಖಾನೆಯ ಒಳಗಿದ್ದರೆ ಇನ್ನೊಂದು ಗೇಟಿನ ಹೊರಗೆ.

"ನಿಂದರ್ರೀಪಾ. ಕೆಲಸಗಾರ ಯಾಕ ಬೀಳ್ಬೇಕು? ಅವಗ ಮೈಮ್ಯಾಲ ಎಚ್ಚರ ಇಲ್ಲಂತ ಮಂದಿಗೆ ತೋರಸಾಕ? ಒಬ್ಬ ಬಿದ್ದ ಅಂದ್ರ ನಾನ್ನೂರ ಹನ್ನೆರಡು ಮಂದಿ ಬಿದ್ದಂಗ. ಮಷೀನ್ ಬಂದ್ ಮಾಡಸ್ತೀನಿ ನೋಡ್ರಿ."

"ಹಾಗಾದರೆ ಕೆಲಸಗಾರನ ತಪ್ಪಿಲ್ಲ, ಏಣಿ ಜಾರಿತು ಅಂತ ತೋರಿಸೋಣ," ಎಂದ ಜಯಸಿಂಹ.

ಮಾರಾಟ ವಿಭಾಗದ ಸಾಹೇಬರು ಮಹಡಿಯ ಕೋಣೆಯಿಂದ ಓಡಿ ಬಂದರು. ಅಷ್ಟು ದೂರಕ್ಕೆ ಹೇಗೆ ಕೇಳಿಸಿತೋ! "ಕ್ಯಾ ಬಾತ್ ಕರತಾ ಹೈ? ನಮ್ಮ ಏಣಿ ಜಾರತ್ತಾ? ಭೂಕಂಪ ಆದರೂ ನಮ್ಮ ಏಣಿ ಜಾರಲ್ಲ. ಭೂಮಿಯೇ ಜಾರತ್ತೆ!"

"ಸರಿ, ಸೂಪರ್‌ವೈಸರ್ ಹೆಲ್ಮೆಟ್ ಕೊಡೋದು ಮರೆತ..."

"ಅಧಿಕಾರಿಗಳ ತಪ್ಪು ತೋರಿಸ್ತೀರಾ? ನಿಮ್ಮನ್ನ ಕರೆಸಿದ್ದೂ ಒಬ್ಬ ಅಧಿಕಾರೀನೇ ಅಂತ ನೆನಪಿದೆಯಾ?" ಎಂದರು ರಾಮಸ್ವಾಮಿ, ಮೆತ್ತಗೆ.

ಹೀಗೆ ಯಾರ ತಪ್ಪೂ ಇಲ್ಲದೆ ಒಬ್ಬ ಮನುಷ್ಯ ಬೀಳಬೇಕಾಗಿ ಬಂತು. ಹನ್ನೊಂದಾಯಿತು, ಹನ್ನೆರಡಾಯಿತು. ಆಗ ಕ್ಯಾಂಟೀನಿನ ಕೊರಗಪ್ಪ ಚಹಾ ತಂದ. ಐವತ್ತರ ಹತ್ತಿರದ ಮನುಷ್ಯ, ಉಡುಪಿ ಕಡೆಯವನು. ಒಂದೇ ಕೈಯಲ್ಲಿ ಹದಿನಾರು ಗ್ಲಾಸು ಹಿಡಿದು, ಗರಗರ ತಿರುಗುವ ಯಂತ್ರಗಳ ನಡುವೆ ನುಸುಳಿ ಬಂದರೂ ಒಂದು ಹನಿ ಚೆಲ್ಲಿದವನಲ್ಲ. ಅವನು ನಡೆಯುವಾಗ ಚಹಾದ ಮೇಲಿನ ಕೆನೆಗೂ ತಾನು ಟೇಬಲ್ಲಿನ ಮೇಲಿದ್ದೇನೆಂದೇ ಭ್ರಮೆ.

ಎಲ್ಲರ ಕಣ್ಣೂ ಒಟ್ಟಿಗೆ ಕೊರಗಪ್ಪನ ಮೇಲೆ ಬಿತ್ತು. ಅವನು ಕೆಲಸಗಾರನಲ್ಲ, ಅಧಿಕಾರಿಯಲ್ಲ, ಏಣಿಯಂತೂ ಅಲ್ಲ.

"ಎಂತ ಹೀಗೆ ನೋಡುದು ಮಾರಾಯ್ರೆ?" ಎಂದ ಕೊರಗಪ್ಪ. ವಿಷಯ ತಿಳಿದು ತಲೆಯಾಡಿಸಿದ. "ನಾನು ಬೀಳ್ಲಿಕ್ಕೆ ಅಡ್ಡಿ ಇಲ್ಲ. ಆದ್ರೆ ಮೂರು ಗಂಟೆ ಚಾ ಯಾರು ಕೊಡುದು?"

"ಇಲ್ಲ ಇಲ್ಲ, ಚಾದಂವ ಬೀಳೂದು ಬ್ಯಾಡ," ಎಂದ ಹಣಮಂತ ತಕ್ಷಣ. ಯೂನಿಯನ್ನೂ ಮ್ಯಾನೇಜ್ಮೆಂಟೂ ಮೂವತ್ತು ವರ್ಷದಲ್ಲಿ ಮೊದಲ ಸಲ ಒಮ್ಮತಕ್ಕೆ ಬಂದದ್ದು ಆ ಕ್ಷಣದಲ್ಲೇ.

ಉಳಿದ ಹೊರಗಿನವನು ಒಬ್ಬನೇ. ಜಯಸಿಂಹ ಕುರ್ಚಿಯನ್ನು ನೆನೆದ. ಅದರ ಎರಡು ಕೈಗಳನ್ನು ನೆನೆದ. ನಾಳೆಯಿಂದ ಬರಲಿರುವ ಎಲ್ಲ ಭಾನುವಾರಗಳೂ ಸಾಲಾಗಿ ಬಂದು ಕೈ ಮುಗಿದವು.

"ನಾನೇ ಬೀಳ್ತೀನಿ ಸಾರ್," ಎಂದ. "ಕೊರಗಪ್ಪ, ಇದನ್ನ ಹೆಗಲ ಮೇಲಿಟ್ಕೊಳ್ಳಿ. ಈ ಕೆಂಪು ಗುಂಡಿ ಒತ್ತಿ ಅಲುಗದೆ ನಿಂತರೆ ಆಯ್ತು."

"ಮತ್ತೆ ಬಂದ್ ಮಾಡುದು ಹೇಗೆ?"

"ಬಿದ್ದ ಮೇಲೆ ನಾನೇ ಎದ್ದು ಬಂದು ಮಾಡ್ತೀನಿ."

ಕೊರಗಪ್ಪ ಗುಂಡಿ ಒತ್ತಿ ನಿಂತ. ಜಯಸಿಂಹ ಗೋಡೆಗೆ ಒರಗಿಸಿದ ಏಣಿಯ ನಾಲ್ಕನೇ ಮೆಟ್ಟಿಲು ಹತ್ತಿ ತಯಾರಾದ. ಇನ್ನೇನು ಬೀಳಬೇಕು.

"ಸ್ಟಾಪ್!" ಎಂದರು ರಾಮಸ್ವಾಮಿ. "ನೆಲದ ಮೇಲೆ ಗೋಣಿಚೀಲ! ಓಡಾಡೋ ಜಾಗದಲ್ಲಿ ಸಾಮಾನು ಹರಡೋದು ಸುರಕ್ಷತಾ ನಿಯಮ ಹದಿನೇಳರ ಉಲ್ಲಂಘನೆ. ಯಾರಾದರೂ ಎಡವಿ ಬಿದ್ದರೆ?"

"ನಾನು ಬೀಳೋದಕ್ಕೇ ಹಾಕಿರೋದು ಸಾರ್."

"ನೀವು ಬೀಳಿ, ಬೇಡ ಅನ್ನಲಿಲ್ಲ. ಆದರೆ ನಿಯಮ ಪಾಲಿಸಿ ಬೀಳಿ."

ಚೀಲ ತೆಗೆಯಬೇಕೇ ಬೇಡವೇ ಎಂದು ಚರ್ಚೆ ಶುರುವಾಯಿತು. ಹಣಮಂತ ಬೇಕೆಂದ, ಮಾರಾಟದ ಸಾಹೇಬರು ಚೀಲದ ಬಣ್ಣ ಚೆನ್ನಾಗಿಲ್ಲವೆಂದರು, ರಾಮಸ್ವಾಮಿ ನಿಯಮದ ಪುಸ್ತಕ ತರಿಸಿದರು. ಮೇಲೆ ನಿಂತ ಜಯಸಿಂಹ ಮೇಲಿನ ಮೆಟ್ಟಿಲನ್ನು ಒಂದು ಕೈಯಲ್ಲಿ ಹಿಡಿದು ಕಾದ. ಕಬ್ಬಿಣದ ತಣ್ಣನೆಯ ಹಿಡಿಕೆ. ಕೆಳಗೆ ಜನರ ಗಲಾಟೆ. ಯಂತ್ರಗಳ ಗಡಗಡ ಸದ್ದಿಗೆ ಕಾಲ ಕೆಳಗೆ ಸಣ್ಣ ನಡುಕ. ಇಷ್ಟೆಲ್ಲ ಒಟ್ಟಿಗೆ ಸೇರಿದರೆ ಅವನ ದೇಹಕ್ಕೆ ಗೊತ್ತಿದ್ದದ್ದು ಒಂದೇ ಕೆಲಸ. ರೆಪ್ಪೆ ಮುಚ್ಚಿತು. ಸಾಯನ್ ದಾಟಿತು. ಕುರ್ಲಾ ದಾಟಿತು. ಘಾಟ್ಕೋಪರ್ ಬರುವಷ್ಟರಲ್ಲಿ ಗೊರಕೆ ಏರಿತು.

ನಿಯಮ ಹದಿನೇಳು ಗೆದ್ದಿತು. ಚೀಲಗಳನ್ನು ಎಳೆದುಹಾಕಿದರು. ಅಷ್ಟರಲ್ಲಿ ಒಂದು ಗಂಟೆ. ಊಟದ ಭೋಂಗಾ ಥೇಟ್ ಲೋಕಲ್ಲಿನ ಹಾರನ್ನಿನ ಹಾಗೆ ಕೂಗಿತು. ನಾನ್ನೂರು ಜನ ಹಿಂದಿನಿಂದ "ಚಲೋ ಚಲೋ!" ಎಂದು ಕ್ಯಾಂಟೀನಿನತ್ತ ನುಗ್ಗಿದರು.

ಜಯಸಿಂಹ ವಿಕ್ರೋಳಿಯಲ್ಲಿ ಇಳಿದ.

ಎಡಗಾಲು ಮುಂದೆ ಚಾಚಿದ, ಮೈ ಹಿಂದಕ್ಕೆ ವಾಲಿಸಿದ, ಗಾಳಿಯಲ್ಲಿ ನಾಲ್ಕು ಹೆಜ್ಜೆ ಘನತೆಯಿಂದ ನಡೆದ. ಐದನೆಯದಕ್ಕೆ ಸಿಮೆಂಟು ನೆಲ ಸಿಕ್ಕಿತು. ಆ ಸದ್ದಿಗೆ ಪಕ್ಕದ ಕಾರ್ಖಾನೆಯವರೂ ಊಟಕ್ಕೆ ಎದ್ದರಂತೆ.

"ಅಯ್ಯಮ್ಮಾ! ನನ್ನ ಕಾಲು!"

ಹಣಮಂತ ಚಪ್ಪಾಳೆ ತಟ್ಟಿದ. "ಭಲೇ! ಖರೇನ ಬಿದ್ದಂಗ ಬಿದ್ರಲ್ರೀ!"

"ಖರೇನೇ ಬಿದ್ದದ್ದು ಕಣ್ರೀ! ಡಾಕ್ಟರನ್ನ ಕರೀರಿ!"

ರಾಮಸ್ವಾಮಿಯವರ ಮುಖ ಗೋಡೆಯ ಸುಣ್ಣಕ್ಕಿಂತ ಬಿಳಿಯಾಯಿತು. ಅವರು ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತರು. "ಜಯಸಿಂಹ, ನಿಧಾನವಾಗಿ ಯೋಚನೆ ಮಾಡಿ ಹೇಳಿ. ಇದು ಅಪಘಾತವೋ, ಅಭಿನಯವೋ?"

"ಪಾದ ಊದ್ತಾ ಇದೆ ಸಾರ್!"

"ಊದಲಿ. ಅಭಿನಯದಲ್ಲೂ ಊದಬಹುದು. ಅಪಘಾತ ಅಂದರೆ ರಿಜಿಸ್ಟರಿನಲ್ಲಿ ಬರೀಬೇಕು. ಬರೆದರೆ ಬೋರ್ಡು ಸೊನ್ನೆ. ಬೋರ್ಡು ಸೊನ್ನೆ ಮಾಡಿದವನಿಗೆ ಜಿ.ಎಂ. ಸಾಹೇಬರು ಕುರ್ಚಿ ಕೊಡ್ತಾರಾ?"

ಹಣಮಂತನೂ ಬಗ್ಗಿದ. ಮೀಸೆ ಜಯಸಿಂಹನ ಕೆನ್ನೆಗೆ ತಾಗಿತು. "ನಾನ್ನೂರ ಹನ್ನೆರಡು ಮನಿ ಕುಕ್ಕರ್ ನಿಮ್ಮ ಕಾಲಾಗ ಐತ್ರಿ ಸರ. ನಮ್ಮಾಕಿ ಬ್ಯಾಳಿ ತಂದಿಟ್ಟಾಳ."

ಜಯಸಿಂಹ ಕಣ್ಣು ಮುಚ್ಚಿದ. ಕತ್ತಲಲ್ಲಿ ಕುರ್ಚಿ ಕಂಡಿತು.

"ಅಭಿನಯ," ಎಂದ, ಹಲ್ಲು ಕಚ್ಚಿ.

"ಜೋರಾಗಿ."

"ಅಭಿನಯಾ!"

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆದರೂ ರಿಜಿಸ್ಟರಿನಲ್ಲಿ ಬರೆಯಬೇಕಂತೆ. ಆದ್ದರಿಂದ ಕ್ಯಾಂಟೀನಿನ ಲಸ್ಸಿಯ ಮಂಜುಗಡ್ಡೆಯನ್ನು ಗ್ಲಾಸಿನಲ್ಲಿ ಹಾಕಿಸಿ, ಜಯಸಿಂಹ ಲಸ್ಸಿ ಕುಡಿಯುತ್ತಿರುವ ಹಾಗೆ ಕಾಲ ಹತ್ತಿರ ಇಡಿಸಿದರು. ಆಗ ದೂರದಿಂದ ಒಂದು ಸ್ವರ ಬಂತು.

"ಸರ್, ನಾನು ಈಗ ಅಲುಗಬಹುದಾ?"

ಕೊರಗಪ್ಪ. ಕ್ಯಾಮೆರಾ ಹೊತ್ತು ನಿಂತಲ್ಲೇ ನಿಂತಿದ್ದ.

ಮತ್ತೊಮ್ಮೆ ತೆಗೆಯೋಣವೆಂದರೆ ಬೀಳಲು ಉಳಿದಿದ್ದದ್ದು ಒಂದೇ ಕಾಲು. ಹೀಗಾಗಿ ಬಿದ್ದದ್ದನ್ನು ಇದ್ದ ಹಾಗೆ ಬಿಟ್ಟು, ಕ್ಯಾಸೆಟ್ಟನ್ನು ಆ ಕೂಗಿನವರೆಗೆ ಹಿಂದಕ್ಕೆ ಸುತ್ತಿ, ಆಮೇಲಿನ ಮಾತುಗಳ ಮೇಲೆಯೇ ಮುಂದಿನ ಶಾಟು ತೆಗೆದರು. ಹೆಲ್ಮೆಟ್ ಹಾಕಿದ ಕೆಲಸಗಾರನ ನಗು, ರಾಮಸ್ವಾಮಿಯವರ ಭಾಷಣ, ಎಲ್ಲವನ್ನೂ ಜಯಸಿಂಹ ಒಂಟಿಕಾಲಲ್ಲಿ ಕುಪ್ಪಳಿಸುತ್ತ ತೆಗೆದ. "ಕುಂಟಬೇಡ್ರೀ, ಯಾರಾದರೂ ನೋಡ್ತಾರೆ," ಎಂದು ರಾಮಸ್ವಾಮಿ ಗದರಿದಾಗ ಊದಿದ ಕಾಲನ್ನೂ ಊರಿದ. ಆಗ ಕ್ಯಾಮೆರಾದ ಕಣ್ಣಿಗೆ ಕಾರ್ಖಾನೆಯೇ ಉಯ್ಯಾಲೆಯಾಯಿತು.

ಐದಕ್ಕೆ ಕ್ಯಾಂಟೀನಿನಲ್ಲಿ ಟೀವಿ ಇಟ್ಟರು. ಮುಂದಿನ ಸಾಲಿನಲ್ಲಿ ಜನರಲ್ ಮ್ಯಾನೇಜರ್ ಸಾಹೇಬರು, ಹಿಂದೆ ನಾನ್ನೂರ ಹನ್ನೆರಡು ಜನ. ಗೋಡೆ ಬದಿಗೆ ಕುಕ್ಕರುಗಳ ಗುಡ್ಡ. ಕಿಟಕಿಯಾಚೆ ಗೇಟಿನ ಬೋರ್ಡಿನ ಮುಂದೆ ಪೇಂಟರ್ ಬ್ರಶ್ಶನ್ನು ಬಣ್ಣದಲ್ಲಿ ಅದ್ದಿ ನಿಂತಿದ್ದ.

ಹೆಲ್ಮೆಟ್ಟುಗಳು ಬಂದವು, ನಡುಗಿದವು. ರಾಮಸ್ವಾಮಿ ಬಂದರು, ನಡುಗಿದರು. ಸಾಹೇಬರು ಆಕಳಿಸಿದರು. ಆಮೇಲೆ ಏಣಿ ಬಂತು. ಅದರ ಮೇಲೊಬ್ಬ ಮನುಷ್ಯ ಹೆಲ್ಮೆಟ್ ಇಲ್ಲದೆ ನಿಂತ, ತೂಕಡಿಸಿದ, ಬಾಯಿ ತೆರೆದು ಗೊರಕೆ ಹೊಡೆದ. ಚಿತ್ರ ಬಂಡೆಯ ಹಾಗೆ ನಿಂತಿತ್ತು. ಆ ಮನುಷ್ಯ ಗಾಳಿಯಲ್ಲಿ ನಾಲ್ಕು ಹೆಜ್ಜೆ ನಡೆದು ಬಿದ್ದ.

ಕ್ಯಾಂಟೀನಿನ ಹಂಚು ಹಾರುವಂಥ ನಗು. ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಇದು ಸೇಫ್ಟಿ ಫಿಲಂ! ಡ್ಯೂಟಿ ಮೇಲೆ ನಿದ್ದೆ ಮಾಡಿದರೆ ಹೀಗೆ! ಯೇ ಆಕ್ಟರ್ ಕೌನ್ ಹೈ?"

ರಾಮಸ್ವಾಮಿ ಜಯಸಿಂಹನನ್ನು ಮುಂದಕ್ಕೆ ತಳ್ಳಿದರು.

"ಕಮಾಲ್! ಆ ಕೂಗು, ಆ ನೋವು, ಎಷ್ಟು ನ್ಯಾಚುರಲ್!" ಸಾಹೇಬರ ಹುಬ್ಬು ಸ್ವಲ್ಪ ಗಂಟಿಕ್ಕಿತು. "ಆಕ್ಟಿಂಗ್ ಹೀ ಥಾ ನಾ?"

ನಾನ್ನೂರ ಹನ್ನೆರಡು ಉಸಿರು ನಿಂತವು. ಪೇಂಟರನ ಬ್ರಶ್ಶಿನಿಂದ ಒಂದು ತೊಟ್ಟು ಬಣ್ಣ ಕೆಳಗೆ ಬಿತ್ತು.

"ಆಕ್ಟಿಂಗ್ ಸರ್," ಎಂದ ಜಯಸಿಂಹ.

ಪೇಂಟರ್ ಐದು ಬರೆದ. ಜನ ಹೋ ಎಂದರು.

"ಈಗ ಆ ವಿಡಿಯೋ ಪೋಸ್ಟ್," ಎಂದರು ಸಾಹೇಬರು. "ಆ ಶಾಟ್ ತೆಗೆದವನು ಯಾರು?"

"ಇಡೀ ಫಿಲಂ ನಾನೇ ಸರ್..."

"ನೀನು ಬೀಳ್ತಾ ಇದ್ದೆಯಲ್ಲ. ಕ್ಯಾಮೆರಾ ಹಿಂದೆ ಯಾರಿದ್ದರು?"

ಅದೇ ಹೊತ್ತಿಗೆ ಕೊರಗಪ್ಪ ಹದಿನಾರು ಗ್ಲಾಸು ಚಹಾ ಹಿಡಿದು ಒಳಗೆ ಬಂದ. ನಾನ್ನೂರ ಹನ್ನೆರಡು ಬೆರಳುಗಳು ಅವನತ್ತ ತಿರುಗಿದವು. ಒಂದು ಹನಿಯೂ ಚೆಲ್ಲಲಿಲ್ಲ.

ಸಾಹೇಬರು ಎದ್ದು ನಿಂತರು. ಮೂವತ್ತು ವರ್ಷ ಏಣಿ ಮಾಡಿದವರು. ಅಲುಗದೆ ನಿಲ್ಲುವುದೇ ಅವರ ಪಾಲಿಗೆ ಕಲೆಯ ತುತ್ತತುದಿ. "ಉಳಿದ ಪಿಕ್ಚರ್ ಎಲ್ಲ ಮಳೆಗಾಲದ ಲೋಕಲ್ ಥರ ಅಲ್ಲಾಡುತ್ತೆ. ಇವನೊಬ್ಬನದು ಪಹಾಡ್, ಬೆಟ್ಟ! ಕುರ್ಚಿ ಇವನಿಗೆ."

"ಸರ್!" ಎಂದ ಜಯಸಿಂಹ. "ನನ್ನ ಕ್ಯಾಮೆರಾ ಅಲ್ಲಾಡಿದ್ದು ಯಾಕೆ ಅಂದರೆ, ನನ್ನ ಕಾಲು ನಿಜವಾಗಿ..."

ಗೋಡೆ ಬದಿಯ ಕುಕ್ಕರುಗಳೆಲ್ಲ ಅವನತ್ತ ನೋಡಿದವು. ಹಣಮಂತನ ಮೀಸೆ ನೋಡಿತು. ಶೀಲ್ಡನ್ನು ಮಗುವಿನ ಹಾಗೆ ಅಪ್ಪಿಕೊಂಡಿದ್ದ ರಾಮಸ್ವಾಮಿ ಎರಡೂ ಕಣ್ಣಲ್ಲಿ ಬೇಡಿಕೊಂಡರು.

"ಹೂಂ? ಕಾಲು ನಿಜವಾಗಿ?"

"...ನಿಜವಾಗಿ ಚೆನ್ನಾಗಿದೆ ಸರ್."

"ವೆರಿ ಗುಡ್. ಆದರೆ ಆಕ್ಟರ್‌ಗೆ ನಮ್ಮಲ್ಲಿ ಪೋಸ್ಟ್ ಇಲ್ಲ."

ಖಾಯಂ ಆದ ಕೊರಗಪ್ಪನಿಗೆ ನಾನ್ನೂರ ಹದಿಮೂರನೆಯ ಕುಕ್ಕರನ್ನು ಅಂಗಡಿಯಿಂದ ತರಿಸಿದರು. ಹಣಮಂತ ಜಯಸಿಂಹನ ಹೆಗಲ ಮೇಲೆ ಕೈಯಿಟ್ಟ. ಅವನಿಗೆ ನಿಜವಾಗಿಯೂ ಕೆಡುಕೆನಿಸಿತ್ತು. "ಕ್ಯಾಂಟೀನಿನ್ಯಾಗ ಜಾಗಾ ಖಾಲಿ ಆತಲ್ರೀ ಸರ. ನಿಮ್ಮ ಹೆಸರು ಹೇಳಲೇನು?" ಎಂದವನು, ಜಯಸಿಂಹನ ಕೈ ನೋಡಿ ನಿಟ್ಟುಸಿರು ಬಿಟ್ಟ. "ಬ್ಯಾಡ ಬಿಡ್ರಿ. ಕೈ ನಡಗತದ. ಚಾ ಚೆಲ್ಲತದ."

ಗೇಟಿನ ತನಕ ಬಿಡಲು ಬಂದ ಕೊರಗಪ್ಪ ಸಂಕೋಚದಿಂದ ಕೇಳಿದ. "ಸರ್, ಬೇಜಾರು ಮಾಡ್ಬೇಡಿ. ಒಂದು ಕೇಳ್ಲಿಕ್ಕೆ ಉಂಟು. ಅದನ್ನು ಬಂದ್ ಮಾಡುದು ಹೇಗೆ?"

ಜಯಸಿಂಹ ತೋರಿಸಿಕೊಟ್ಟ.

ಆಂಟಾಪ್ ಹಿಲ್‌ನ ಮೆಟ್ಟಿಲುಗಳನ್ನು ಅವನು ಗೋಡೆ ಹಿಡಿದು ಹತ್ತುವಾಗ ಹಿಂದೆ ಶೀಲ್ಡ್ ಹಿಡಿದ ರಾಮಸ್ವಾಮಿ ಬರುತ್ತಿದ್ದರು. "ರೈಲಿಂಗ್ ಹಿಡ್ಕೊಳ್ಳಿ ಜಯಸಿಂಹ. ಮೆಟ್ಟಿಲ ಮೇಲೇ ಅಪಘಾತ ಜಾಸ್ತಿ."

ಹೆಂಡತಿ ಅಲಮೇಲು ಬಾಗಿಲಲ್ಲೇ ಕಾದಿದ್ದಳು. "ಕುರ್ಚಿ ಏನಾಯ್ತು?"

"ಇದೆ. ಚಹಾದವನು ಕೂತಿದಾನೆ."

ಅವಳು ಕ್ಯಾಮೆರಾ ಇಳಿಸಿಕೊಳ್ಳಲು ಕೈ ಚಾಚಿದಳು. ಆಮೇಲೆ ಕಾಲು ಕಂಡಿತು. "ಅಯ್ಯೋ! ಇದೇನ್ರೀ ಕುಂಬಳಕಾಯಿ ಹಾಗೆ! ಏನಾಯ್ತು?"

ಜಯಸಿಂಹ ಬಾಯಿ ತೆರೆದ. ಆದರೆ ಮಧ್ಯಾಹ್ನ ಒಂದರಿಂದ ಆ ಬಾಯಿಗೆ ಒಂದೇ ಮಾತು ಅಭ್ಯಾಸವಾಗಿತ್ತು. ಹಿಂದೆ ರಾಮಸ್ವಾಮಿಯೂ ಕೆಮ್ಮಿದರು.

"ಅಭಿನಯ," ಎಂದ.

"ಎಂಥಾ ಅಭಿನಯ ಅಂತೀರಮ್ಮಾ!" ಎಂದರು ರಾಮಸ್ವಾಮಿ. "ಜಿ.ಎಂ. ಸಾಹೇಬರೇ ನಂಬಿಬಿಟ್ಟರು!"

"ಸದ್ಯ," ಎಂದು ಅಲಮೇಲು ಎದೆ ಮುಟ್ಟಿಕೊಂಡಳು. "ನಿಜವಾಗಿ ಪೆಟ್ಟಾಗಿದ್ದರೆ ಕೆಳಗಿನವರ ಮನೆಗೆ ಹೋಗಿ ಫೋನ್ ಮಾಡಿ ಬೇಡ ಅಂದುಬಿಡ್ತಿದ್ದೆ. ಸೋಮವಾರದಿಂದ ಹೇಗೂ ಕುರ್ಚಿ ಸಿಗತ್ತೆ, ಇದೇ ಕೊನೇ ಭಾನುವಾರ ಅಂತ ನನ್ನ ಗೆಳತಿ ಕೌಸಲ್ಯಾ ಮಗಳ ಸೀಮಂತದ ವಿಡಿಯೋ ಒಪ್ಪಿಕೊಂಡುಬಿಟ್ಟೆ. ನಾಳೆ ಬೆಳಿಗ್ಗೆ ಆರಕ್ಕೆ, ಅಂಧೇರೀಲಿ. ಆರನೇ ಮಹಡಿ. ಲಿಫ್ಟ್ ಕೆಟ್ಟಿದೆಯಂತೆ."